ರಾತ್ರಿ ಹನ್ನೊಂದರ ಮೆಸೇಜ್

ಹುಬ್ಬಳ್ಳಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಈಗ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಬರೆದಿರುವುದರಲ್ಲಿ ಮುಖ್ಯವಾದದ್ದು ಇಷ್ಟು:

"ಆರು ತಿಂಗಳ ಹಿಂದೆ ಟೀಮ್ ಲೀಡ್ ಆದೆ. ನನ್ನ ಕೆಳಗೆ ಎಂಟು ಜನ. ಕ್ಲೈಂಟ್ ನ್ಯೂಜೆರ್ಸಿಯವರು. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಮೆಸೇಜ್ ಬರುತ್ತದೆ, ಅದನ್ನು ಹಾಗೇ ಟೀಮಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. 'ಅರ್ಜೆಂಟ್ ಏನಿಲ್ಲ' ಅಂತಲೂ ಬರೆಯುತ್ತೇನೆ. ಆದರೂ ಹುಡುಗರು ಮೊದಲಿನ ಹಾಗೆ ಮಾತಾಡುತ್ತಿಲ್ಲ. ಮೊನ್ನೆ ಒಬ್ಬ ಕೆಲಸ ಬಿಟ್ಟ. ಲಿಂಕ್ಡ್‌ಇನ್‌ನಲ್ಲಿ ನಾಯಕತ್ವದ ಬಗ್ಗೆ ದಿನಾ ಓದುತ್ತೇನೆ. ನನ್ನಲ್ಲಿ ಆ ಗುಣವೇ ಇಲ್ಲವೇನೋ?"

ಇದೆ. ಇಲ್ಲದವರು ಹೀಗೆ ಪತ್ರ ಬರೆಯುವುದಿಲ್ಲ.

ಮೊದಲು ಆ ಹನ್ನೊಂದು ಗಂಟೆಯ ವಿಷಯ. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ಮಾಡುತ್ತಿದ್ದೆ. ಸಂಚಿಕೆ ಅಚ್ಚಿಗೆ ಹೋಗುವ ವಾರ ನಮ್ಮ ಪುಟವಿನ್ಯಾಸದ ಹುಡುಗನಿಗೆ ರಾತ್ರಿ ಮೆಸೇಜ್ ಹಾಕುತ್ತಿದ್ದೆ. "ಮುಖಪುಟ ಯಾಕೋ ಕಪ್ಪಾಯ್ತು, ನಾಳೆ ನೋಡೋಣ." ನಾಳೆ ಅಂತ ಬರೆದಿದ್ದೇನಲ್ಲ ಅನ್ನೋದು ನನ್ನ ಸಮಾಧಾನ. ಒಂದು ದಿನ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಸಾರು ಬಡಿಸುತ್ತಾ ಅವನ ತಾಯಿ ಹೇಳಿದರು: "ನಿಮ್ಮ ಮೆಸೇಜ್ ಬಂದ್ರೆ ತಟ್ಟೆ ಬಿಟ್ಟು ಎದ್ದುಬಿಡ್ತಾನೆ. ಆಮೇಲೆ ಕೂತರೂ ಅನ್ನ ಕಲಸ್ತಾ ಇರ್ತಾನೆ, ಉಣ್ಣಲ್ಲ." ದೂರಿನ ದನಿ ಇರಲಿಲ್ಲ. ಮಗನ ಬಗ್ಗೆ ಒಂದು ಸುದ್ದಿ ಹೇಳಿದ ಹಾಗೆ ಹೇಳಿದರು. ಆವತ್ತು ನನಗೆ ಊಟ ಸೇರಲಿಲ್ಲ.

ಅವನು ಓದುತ್ತಿದ್ದದ್ದು ನನ್ನ "ನಾಳೆ"ಯನ್ನಲ್ಲ, ಮೆಸೇಜ್ ಬಂದ ಹೊತ್ತನ್ನು. ನಿಮ್ಮ ಹುಡುಗರೂ ಅದನ್ನೇ ಓದುತ್ತಾರೆ. 2014ರಲ್ಲಿ ವಾಟ್ಸಾಪ್‌ಗೆ ನೀಲಿ ಟಿಕ್ ಬಂತು, ನೆನಪಿದೆಯಾ? ಅಲ್ಲಿಂದ ಮೇಲೆ ಓದಿಯೂ ಸುಮ್ನೆ ಇದ್ದವರು ಉದ್ಧಟರು ಅನ್ನಿಸತೊಡಗಿತು. ಮೇಲಿನವರು ಯಾವ ಹೊತ್ತಿಗೆ ಬರೆಯುತ್ತಾರೋ ಅದೇ ಆಫೀಸ್ ಟೈಮ್ ಆಗಿಬಿಡುತ್ತದೆ.

ಈಗ ಗಡಿಯಾರ ನೋಡಿ. ಇಲ್ಲಿ ರಾತ್ರಿ ಹನ್ನೊಂದು ಅಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ ಒಂದೂವರೆ. ಆಗ ಕಳಿಸಿದ್ದನ್ನು ನೀವು ಬೆಳಿಗ್ಗೆ ಒಂಬತ್ತೂವರೆಗೆ ಕೈಗೆತ್ತಿಕೊಂಡರೆ ಅಲ್ಲಿ ನಡುರಾತ್ರಿ, ಎಲ್ಲರೂ ಮಲಗಿರುತ್ತಾರೆ. ಸಂಜೆ ಆರಕ್ಕೆ ನಿಮ್ಮವರು ಮುಗಿಸಿ ಕೊಟ್ಟರೆ ಅಲ್ಲಿ ಬೆಳಿಗ್ಗೆ ಎಂಟೂವರೆ. ಅವರು ಆಫೀಸಿಗೆ ಬರುವ ಹೊತ್ತಿಗೆ ಕೆಲಸ ಸಿದ್ಧ. ಅಮೆರಿಕದ ಕೆಲಸ ಬೆಂಗಳೂರಿಗೆ ಬಂದಾಗ ಇದನ್ನೇ ಅಲ್ವಾ ಲಾಭ ಅಂತ ಹೇಳಿದ್ದು? ಅವರು ಮಲಗಿದಾಗ ನಾವು ದುಡಿಯುತ್ತೇವೆ ಅಂತ. ಅವರು ಎದ್ದಿದ್ದಾಗಲೂ ನಾವು ಎದ್ದಿರಬೇಕು ಅನ್ನೋದು ಆ ಲೆಕ್ಕದಲ್ಲಿ ಇರಲೇ ಇಲ್ಲ. ಸರ್ವರ್ ಬಿದ್ದರೆ ಮಾತು ಬೇರೆ. ಅದಕ್ಕೆ ಫೋನ್ ಇದೆ, ಸರದಿಯಲ್ಲಿ ಒಬ್ಬರು ಇರಲಿ.

ಆದ್ದರಿಂದ ಮ್ಯಾನೇಜರ್ ಮೆಸೇಜ್ ನಿಮ್ಮ ಹತ್ತಿರವೇ ನಿಲ್ಲಲಿ. ಬೆಳಿಗ್ಗೆ ಒಂಬತ್ತೂವರೆಗೆ ಗ್ರೂಪಿಗೆ ಹಾಕಿ. ಈಮೇಲ್ ಆದರೆ ಹೊತ್ತು ಗೊತ್ತುಮಾಡಿ ಕಳಿಸುವ ಸೌಲಭ್ಯವೇ ಇದೆ. ನಿಮಗೂ ರಾತ್ರಿ ಬೇಕು. ಹಾಗಾಗಿ ಮೇಲೆ ಹೇಳಿದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮುಂದೆ ಇಡಿ. "ಸರ್, ಸುಸ್ತಾಗಿದೆ" ಅಂದರೆ ಕೇಳುವವರು ಕಡಿಮೆ. "ಕ್ಲೈಂಟ್‌ಗೆ ಏನೂ ತಡ ಆಗೋದಿಲ್ಲ, ನೋಡಿ" ಅಂದರೆ ಕಿವಿ ಕೊಡುತ್ತಾರೆ.

ಕಾನೂನು ನಮ್ಮ ನೆರವಿಗೆ ಬಂದಿಲ್ಲ. ಫ್ರಾನ್ಸ್‌ನಲ್ಲಿ 2017ರಿಂದಲೇ ದೊಡ್ಡ ಕಂಪನಿಗಳು ಹೊತ್ತಲ್ಲದ ಹೊತ್ತಿನ ಮೆಸೇಜಿನ ವಿಷಯವನ್ನು ನೌಕರರ ಜೊತೆ ಕೂತು ಮಾತಾಡಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತು ಮೀರಿ ಬಂದ ಮೆಸೇಜಿಗೆ ಉತ್ತರಿಸದೆ ಇರುವುದು ನೌಕರರ ಹಕ್ಕು. ನಮ್ಮಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದೇ ಖಾಸಗಿ ಮಸೂದೆ ತಂದರು, ಅದು ಕಾನೂನಾಗಲಿಲ್ಲ. ನಮ್ಮ ರಾಜ್ಯದಲ್ಲಿ 2024ರ ಜುಲೈನಲ್ಲಿ ಎದ್ದ ಮಾತೇ ಬೇರೆ: ಐಟಿಯವರ ದುಡಿಮೆ ದಿನಕ್ಕೆ 14 ಗಂಟೆವರೆಗೂ ಹೋಗಬಹುದು ಎಂಬ ಪ್ರಸ್ತಾಪ. ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು, ಸರಿಯಾಗಿಯೇ ಮಾಡಿತು. ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದಾಗ ದೇಶವೆಲ್ಲ ಗಂಟೆ ಎಣಿಸಿತು. ದಿಂಬಿನ ಪಕ್ಕ ಫೋನ್ ಇಟ್ಟುಕೊಂಡು ಅರ್ಧ ಎಚ್ಚರವಾಗಿ ಮಲಗುವ ಗಂಟೆಗಳು ಯಾರ ಎಣಿಕೆಗೂ ಬರಲಿಲ್ಲ. ನನಗೆ ಜಾಸ್ತಿ ಸಂಕಟ ಆಗೋದು ಅದರ ಬಗ್ಗೆ.

ಪತ್ರದ ಕೊನೆಗೆ ಇನ್ನೊಂದು ಮಾತು ಬರೆದಿದ್ದೀರಿ: ಯಾರ ಕೆಲಸ ಬಾಕಿಯಿದೆಯೋ ಅವರ ಹೆಸರನ್ನು ಗ್ರೂಪಿನಲ್ಲೇ ಹಾಕಿ ಕೇಳುತ್ತೀರಿ ಅಂತ. ಅದನ್ನು ಇವತ್ತೇ ಬಿಡಿ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್ ಮುಖ್ಯಸ್ಥರು ಒಂದೇ ಝೂಮ್ ಕರೆಯಲ್ಲಿ ಸುಮಾರು 900 ಜನರನ್ನು ಕೆಲಸದಿಂದ ತೆಗೆದರು. ಆ ವಿಡಿಯೋ ಜಗತ್ತೆಲ್ಲ ಸುತ್ತಿತು, ಆಮೇಲೆ ಅವರು ಕ್ಷಮೆ ಕೇಳಬೇಕಾಯಿತು. ನಿಮ್ಮದು ಅಷ್ಟು ದೊಡ್ಡ ತಪ್ಪಲ್ಲ, ನಿಜ. ಆದರೆ ಎಂಟು ಜನರ ಮುಂದೆ ತಲೆ ತಗ್ಗಿಸಿದವನಿಗೆ ಎಂಟು ಜನವೇ ಜಗತ್ತು. ತಪ್ಪು ಹೇಳುವುದಿದ್ದರೆ ಫೋನ್ ಮಾಡಿ, ದನಿಯಲ್ಲಿ ಹೇಳಿ. ಹೊಗಳುವುದಿದ್ದರೆ ಗ್ರೂಪಿನಲ್ಲಿ ಧಾರಾಳವಾಗಿ ಹೊಗಳಿ. ಲಿಂಕ್ಡ್‌ಇನ್‌ನಲ್ಲಿ ಟೀಮಿನ ಗೆಲುವು ಬರೆದರೆ ಕೆಲಸ ಮಾಡಿದವರ ಹೆಸರು ಮೊದಲು ಬರಲಿ, ಅವರನ್ನು ಕೇಳಿಯೇ ಹಾಕಿ.

ನವೆಂಬರ್ ಮೊದಲ ಭಾನುವಾರ ನ್ಯೂಜೆರ್ಸಿಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕ್ಲೈಂಟ್ ಜೊತೆಗಿನ ನಿಮ್ಮ ಸಂಜೆ ಏಳೂವರೆಯ ಕಾಲ್ ಎಂಟೂವರೆಗೆ ಜಾರುತ್ತದೆ. ಚಿಕ್ಕ ಮಕ್ಕಳಿರುವವರಿಗೆ ಅದು ಊಟ ಮಾಡಿಸಿ ಮಲಗಿಸುವ ಹೊತ್ತು. ವಾರಕ್ಕೆ ಎರಡು ದಿನವಾದರೂ ಕ್ಲೈಂಟ್‌ನವರ ಬೆಳಿಗ್ಗೆ ಎಂಟಕ್ಕೆ, ನಮ್ಮ ಸಂಜೆ ಆರೂವರೆಗೆ ಇಟ್ಟುಕೊಳ್ಳೋಣ ಅಂತ ಈಗಲೇ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಬಿಟ್ಟುಹೋದ ಆ ಹುಡುಗನಿಗೂ ಒಂದು ಫೋನ್ ಮಾಡಿ, ಹಗಲು ಹೊತ್ತಿನಲ್ಲಿ. ಯಾಕೆ ಹೋದೆ ಅಂತ ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಏನಂದ ಅಂತ ನನಗೆ ಬರೆಯಿರಿ.