ರಕ್ತನಾಳದ ಒಳಪದರ ಕೆಟ್ಟರೆ ಅಷ್ಟು ಚಿಂತೆ ಯಾಕೆ?

ನಿಮ್ಮ ತಂದೆಯವರಿಗೆ ಶುಗರ್ ಇದೆ, ರಕ್ತನಾಳದ ಒಳಪದರ ಹಾಳಾಗುತ್ತಿದೆ ಅಂತ ಡಾಕ್ಟರು ಹೇಳಿದರು, ಅಷ್ಟು ತೆಳು ಪದರ ಕೆಟ್ಟರೆ ಏನಾಗುತ್ತದೆ ಅಂತ ಕೇಳಿದ್ದೀರಿ. ನೀವು ಸೋಮವಾರಪೇಟೆ ಕಡೆಯವರು, ನಾನು ವಿರಾಜಪೇಟೆಯವನು. ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಔಷಧಿಯ ವಿಷಯ ಡಾಕ್ಟರಿಗೇ ಬಿಡೋಣ, ಆ ಪದರದ ಕೆಲಸ ಏನು ಅಂತ ಹೇಳುತ್ತೇನೆ.

ಅದರ ಹೆಸರು ಎಂಡೋಥೀಲಿಯಂ. ಒಂದೇ ಸಾಲು ಚಪ್ಪಟೆ ಜೀವಕೋಶಗಳು. ಹೃದಯದ ಒಳಗಿನಿಂದ ಹಿಡಿದು ಬೆರಳ ತುದಿಯ ಲೋಮನಾಳದವರೆಗೆ (ಕೂದಲಿಗಿಂತ ಸಣ್ಣ ರಕ್ತನಾಳ) ಎಲ್ಲ ಕಡೆ ಇದೆ. ಅಪಧಮನಿಯ ಸ್ಲೈಡ್ ಕೊಟ್ಟರೆ ಮಕ್ಕಳ ಕಣ್ಣು ದಪ್ಪ ಸ್ನಾಯುವಿನ ಮೇಲೇ ಹೋಗುತ್ತದೆ. ಒಳ ಅಂಚಿನಲ್ಲಿ ಸಾಲಾಗಿ ಕೂತ ನೇರಳೆ ಚುಕ್ಕಿಗಳನ್ನು ನಾನೇ ತೋರಿಸಬೇಕು. ಅವು ಈ ಜೀವಕೋಶಗಳ ನ್ಯೂಕ್ಲಿಯಸ್. ಉಳಿದ ಭಾಗ ಸರಿಯಾಗಿ ಕಾಣುವುದೂ ಇಲ್ಲ, ಅಷ್ಟು ತೆಳು.

ಬಹಳ ಕಾಲ ಇದು ಸುಮ್ನೆ ಒಂದು ಹೊದಿಕೆ ಅಂದುಕೊಂಡಿದ್ದರು. ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿ ನೋಡುತ್ತಿದ್ದರು. ಕೆಲವು ತುಂಡು ಸಡಿಲವಾಗುತ್ತಿದ್ದವು, ಕೆಲವು ಇಲ್ಲ. ಯಾಕೆ ಅಂತ ಹುಡುಕಿದಾಗ ಗೊತ್ತಾಗಿದ್ದು ಇದು: ಕತ್ತರಿಸಿ ಸಿದ್ಧ ಮಾಡುವಾಗ ಒಳಮೈ ಉಜ್ಜಿಹೋಗಿ ಈ ಪದರ ಕಿತ್ತುಹೋದ ತುಂಡುಗಳೇ ಸಡಿಲವಾಗುತ್ತಿರಲಿಲ್ಲ! ಅಂದರೆ ಹಿಗ್ಗು ಅಂತ ಸ್ನಾಯುವಿಗೆ ಹೇಳುವುದು ಈ ಪದರವೇ. ಇದು 1980ರಲ್ಲಿ ಪ್ರಕಟವಾಯಿತು. ಆ ಸುದ್ದಿ ಮುಟ್ಟಿಸುವುದು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಆಮೇಲೆ ತಿಳಿಯಿತು. 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಇನ್ನೊಂದು ಕೆಲಸ, ನಾಳದೊಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುವುದು. ಪದರ ಹರಿದರೆ ಅದರಡಿಯ ಕೊಲಾಜನ್ ಅನ್ನುವ ನಾರಿನಂಥ ಪ್ರೋಟೀನ್ ರಕ್ತಕ್ಕೆ ತಾಗುತ್ತದೆ, ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬಂದು ಅಂಟಿಕೊಳ್ಳುತ್ತವೆ. ಗಾಯವಾದಾಗ ಇದು ಬೇಕು. ಮಳೆಗಾಲದಲ್ಲಿ ತೋಟದೊಳಗೆ ಜಿಗಣೆ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ ಅಲ್ವಾ? ಅದರ ಜೊಲ್ಲು ಹೆಪ್ಪುಗಟ್ಟುವುದನ್ನೇ ತಡೆದುಬಿಡುತ್ತದೆ. ಆದರೆ ಗಾಯವೇ ಇಲ್ಲದೆ ಹೃದಯದ ನಾಳದೊಳಗೆ ಹೆಪ್ಪು ಕೂತರೆ ಅಪಾಯ.

ಸಕ್ಕರೆ ಅಂಶ ವರ್ಷಗಟ್ಟಲೆ ಜಾಸ್ತಿ ಇದ್ದರೆ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ನಾಳ ಬೇಕಾದಾಗ ಹಿಗ್ಗುವುದಿಲ್ಲ, ಕೊಲೆಸ್ಟ್ರಾಲ್ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಕಣ್ಣು, ಕಿಡ್ನಿಯ ಸಣ್ಣ ನಾಳಗಳಿಗೂ ಪೆಟ್ಟು ಬೀಳುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ತೋರಿಸಿ, ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಬೀಡಿ, ಸಿಗರೇಟಿನ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿಸಿ, ಈ ಪದರಕ್ಕೆ ಹೊಗೆ ನೇರ ಶತ್ರು. ಡಾಕ್ಟರು ಒಪ್ಪಿದರೆ ದಿನಾ ನಡೆಸಿ. ನಡೆಯುವಾಗ ರಕ್ತ ಜೋರಾಗಿ ಹರಿದು ಈ ಜೀವಕೋಶಗಳನ್ನು ಸವರಿಕೊಂಡು ಹೋಗುತ್ತದೆ. ಆಗ ಅವು ನೈಟ್ರಿಕ್ ಆಕ್ಸೈಡ್ ಹೆಚ್ಚು ಮಾಡುತ್ತವೆ.