ಪ್ರತಿಕ್ರಿಯೆ: ಫ್ಲಾರಿಡಾ ಸ್ಟೇಟ್ ನಿಮ್ಮ ಶೀಟಿನಲ್ಲಿ 3, ಸಮಿತಿಯಲ್ಲಿ 5 ಯಾಕೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಸೂತ್ರ ಹಾಕಿ ರ್‍ಯಾಂಕ್ ಕೊಡುವ ನಿಮ್ಮ ಶೀಟಿನಲ್ಲಿ ಫ್ಲಾರಿಡಾ ಸ್ಟೇಟ್ 3ನೇ ಸ್ಥಾನದಲ್ಲಿದೆ, ಪ್ಲೇಆಫ್‌ಗೆ ತಂಡಗಳನ್ನು ಆರಿಸುವ ಸಮಿತಿಯ 2023ರ ಪಟ್ಟಿಯಲ್ಲಿ ಮಾತ್ರ 5ನೇದು ಯಾಕೆ ಅಂತ ಕೇಳಿದ್ದೀರಿ. ಆ ಪಟ್ಟಿ ನಿಮ್ಮ ಶೀಟಿಗೆ ಹೊಂದದಿರುವುದಕ್ಕೆ ಸೂತ್ರದ ತಪ್ಪು ಕಾರಣವಲ್ಲ. ಶೀಟ್ ನೋಡುವುದು ಆಗಿಹೋದ ಆಟಗಳನ್ನು ಮಾತ್ರ: 13 ಆಟ, 13 ಗೆಲುವು. ಸಮಿತಿಯವರು ಮುಂದಿನ ಆಟವನ್ನೂ ಯೋಚಿಸಿದರು. ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಮುಖ್ಯ ಆಟಗಾರ) ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲೇ ಕಾಲಿಗೆ ಪೆಟ್ಟಾಗಿ ಹೊರಗೆ ಕೂತಿದ್ದರು. ಅದಕ್ಕೆ ನಿಮ್ಮಲ್ಲಿ ಕಾಲಮ್ಮೇ ಇಲ್ಲ, ಅಲ್ವಾ?

ಆದರೂ ಶೀಟನ್ನು ಇನ್ನಷ್ಟು ಸರಿಮಾಡಬೇಕೆಂದರೆ, ಮೊದಲು ತಂಡಗಳು ಪರಸ್ಪರ ಆಡಿದ್ದಕ್ಕೆ ಒಂದು ಕಾಲಮ್ ಸೇರಿಸಿ. ಟೆಕ್ಸಾಸ್ ಅಲಬಾಮಾವನ್ನು 34-24ರಲ್ಲಿ ಸೋಲಿಸಿತ್ತು. ಇಬ್ಬರೂ ಸೋತದ್ದು ಒಂದೊಂದೇ ಆಟ, ಹಾಗಾಗಿ ಟೆಕ್ಸಾಸ್ ಮೇಲಿರಬೇಕು. ಆಮೇಲೆ ಗೆಲುವಿನ ಅಂತರಕ್ಕೆ ಮಿತಿ ಹಾಕಿ. ನಾನು 21 ಪಾಯಿಂಟ್ ಇಟ್ಟುಕೊಂಡಿದ್ದೇನೆ. ಇಲ್ಲದಿದ್ದರೆ ಸಣ್ಣ ತಂಡಕ್ಕೆ 60 ಪಾಯಿಂಟ್ ಚಚ್ಚಿದವರು ಸುಮ್ನೆ ಮೇಲೇರುತ್ತಾರೆ. (ಈ ಸಮಿತಿಗಿಂತ ಮೊದಲು ತಂಡಗಳಿಗೆ ರ್‍ಯಾಂಕ್ ಕೊಡುತ್ತಿದ್ದ ಹಳೆಯ ಬಿಸಿಎಸ್‌ನವರು 2002ರಲ್ಲಿ ತಮ್ಮ ರ್‍ಯಾಂಕಿಂಗ್ ಕಂಪ್ಯೂಟರ್‌ಗಳಿಗೆ ಅಂತರವನ್ನೇ ನೋಡಬೇಡಿ ಅಂದುಬಿಟ್ಟರು. ಅದು ಅತಿಯಾಯಿತು ಅಂತ ನನ್ನ ಅನಿಸಿಕೆ.)

ಕೊನೆಗೆ ಟ್ರಾವಿಸ್ ಇಲ್ಲದ ಆಟಗಳನ್ನು ಬೇರೆ ಲೆಕ್ಕ ಹಾಕಿ: ಫ್ಲಾರಿಡಾ (ಅದು ಬೇರೆ ತಂಡ) ಮೇಲೆ 24-15, ಲೂಯಿವಿಲ್ ಮೇಲೆ 16-6. ಇರುವುದು ಎರಡೇ ಆಟ, ಬರುವ ಅಂಕಿಯನ್ನು ಜಾಸ್ತಿ ನಂಬಬೇಡಿ. ಆಗಲೂ ತಂಡ 5ಕ್ಕೆ ಇಳಿಯದಿದ್ದರೆ ಸೂತ್ರವನ್ನು ತಿರುಚಲು ಹೋಗಬೇಡಿ, ಹಾಗೇ ಬಿಡಿ.