ಹಕ್ಕಿಗೆ ಸಾಲದ ಲೆನ್ಸು ಕಪ್ಪೆಗೆ ಸಾಕು

ಪ್ರಶ್ನೆ: ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡೆ, ಜೊತೆಗೆ 18-55 ಲೆನ್ಸ್ ಬಂತು. ಹಕ್ಕಿಗಳನ್ನು ತೆಗೆಯುವ ಆಸೆ. ಆದರೆ ಹಕ್ಕಿ ಚುಕ್ಕಿಯಷ್ಟು ಕಾಣುತ್ತದೆ, ಅದೂ ಮಸುಕು. ಸಾಲ ಮಾಡಿ ದೊಡ್ಡ ಲೆನ್ಸ್ ಕೊಳ್ಳಲೇ? ಅಥವಾ ನನಗೆ ಒಗ್ಗುವ ವಿಷಯವೇ ಬೇರೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಸದ್ಯಕ್ಕೆ ಸಾಲ ಬೇಡ. 20 ಸೆಂ.ಮೀ. ಉದ್ದದ ಹಕ್ಕಿ 10 ಮೀಟರ್ ದೂರದಲ್ಲಿದ್ದರೆ 55 ಎಂಎಂ ಲೆನ್ಸ್ ಅದನ್ನು ಸೆನ್ಸರ್ ಮೇಲೆ 1.1 ಮಿ.ಮೀ. ಗಾತ್ರದಲ್ಲಿ ಮೂಡಿಸುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡಗಲದ 6000 ಪಿಕ್ಸೆಲ್‌ಗಳಲ್ಲಿ ಹಕ್ಕಿಯ ಪಾಲು ಮುನ್ನೂರರ ಒಳಗೆ. 300 ಎಂಎಂ ಆದರೆ 1500 ದಾಟುತ್ತದೆ, ನಿಜ. ಆದರೆ ಲೆನ್ಸ್ ಬಂದರೂ ಮಲೆನಾಡಿನ ಮರದ ನೆರಳು ಹೋಗದು. ಕೂತ ಹಕ್ಕಿಗೇ 1/500 ಸೆಕೆಂಡಿನ ಶಟರ್ ವೇಗ ಬೇಕು, ಹಾರುವುದಕ್ಕೆ 1/2000. ಅಗ್ಗದ 70-300 ಲೆನ್ಸಿನ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, 300 ಎಂಎಂ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ; ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) 6400ಕ್ಕೆ ಏರಿ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳು, ತುಂಬುತ್ತದೆ. ಆಸೆ ತೀರದಿದ್ದರೆ ಒಂದು ದಿನಕ್ಕೆ ಲೆನ್ಸ್ ಬಾಡಿಗೆಗೆ ಪಡೆದು ರಂಗನತಿಟ್ಟಿನ ದೋಣಿ ಹತ್ತಿ. ಅಲ್ಲಿ ಬಯಲು ಬೆಳಕು, ಕೊಕ್ಕರೆಗಳೂ ಹತ್ತಿರ.

ವಾರಕ್ಕೆರಡು ಸಲ ನಡೆದೇ ತಲುಪಬಹುದಾದ ವಿಷಯ ಯಾವುದು ಎಂದು ಮೊದಲು ನೋಡಿ. ಮಳೆಗಾಲದ ಸಾಗರದಲ್ಲಿ ಅದು ಕಪ್ಪೆ, ಹುಳುಹುಪ್ಪಟೆ. 18-55 ಲೆನ್ಸಿಗೆ 31 ಎಂಎಂನ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಟೊಳ್ಳು ಉಂಗುರ) ಹಾಕಿ 55ರಲ್ಲೇ ಇಟ್ಟುಕೊಂಡರೆ ಸೆನ್ಸರ್ ಮೇಲೆ ನಿಜಗಾತ್ರದ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. 18ಕ್ಕೆ ತಿರುಗಿಸಿದರೆ ಫೋಕಸ್ ಗಾಜಿನ ಒಳಗೇ ಬೀಳುತ್ತದೆ. ಲೋಹದ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ. ಇಲ್ಲದಿದ್ದರೆ ಕ್ಯಾಮೆರಾದಿಂದ ಅಪರ್ಚರ್ ಬದಲಿಸಲಾಗದು.

ರಾತ್ರಿ ಎಫ್/11, 1/160, ಐಎಸ್‌ಒ 400, ಜೊತೆಗೆ ಕ್ಯಾಮೆರಾದ ಫ್ಲ್ಯಾಶ್. ಇಷ್ಟು ಹತ್ತಿರದಲ್ಲಿ ಲೆನ್ಸಿನ ನೆರಳು ಕಪ್ಪೆಯ ಮೇಲೇ ಬೀಳುತ್ತದೆ. ಪ್ಯಾಕಿಂಗಿನ ತೆಳು ಬಿಳಿ ಫೋಮ್ ಹಾಳೆಯನ್ನು ಫ್ಲ್ಯಾಶಿನಿಂದ ಲೆನ್ಸಿನ ತುದಿಯವರೆಗೆ ಬಾಗಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಬೆಳಕು ಅದರ ಮೂಲಕ ಹರಡಿ ಇಳಿಯುತ್ತದೆ. ಆಟೊಫೋಕಸ್ ಆರಿಸಿ, ಉಸಿರು ಹಿಡಿದು ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಆಡಿಸಿ, ಕಣ್ಣು ಚುರುಕಾದಾಗ ಒತ್ತಿ. ಹತ್ತರಲ್ಲಿ ಎರಡು ಸರಿ ಬಂದರೆ ಚೆನ್ನಾಗಿಯೇ ಬಂತು ಅನ್ನಿ. ಉಂಬಳಕ್ಕೆಂದು (ಜಿಗಣೆಗೆಂದು) ಸುಣ್ಣ, ತಂಬಾಕು ಸವರಿದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ, ಅದರ ಚರ್ಮ ಎಲ್ಲವನ್ನೂ ಹೀರುತ್ತದೆ. ರಕ್ಷಿತಾರಣ್ಯಕ್ಕೆ ರಾತ್ರಿ ಅನುಮತಿಯಿಲ್ಲದೆ ಕಾಲಿಡುವುದೂ ಬೇಡ. ಮನೆಯ ಬಾವಿಕಟ್ಟೆ, ತೋಟದ ಕಪ್ಪಿನ (ಬಸಿಗಾಲುವೆಯ) ಬದಿ ಸಾಕು.

ಮಳೆ ಹೋದಮೇಲೆ ಯಕ್ಷಗಾನ. ಇದಕ್ಕೊಂದು 50 ಎಂಎಂ ಎಫ್/1.8 ಲೆನ್ಸ್ ಕೊಂಡರೆ ದುಡ್ಡು ದಂಡವಲ್ಲ. ಐಎಸ್‌ಒ 1600ರಿಂದ ಶುರುಮಾಡಿ. ಕಿರೀಟದ ಹೊಳಪು ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಶರನ್ನು 0.7 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ರಂಗಸ್ಥಳದಲ್ಲಿ ಅಗ್ಗದ ಎಲ್‌ಇಡಿ ಇದ್ದರೆ ಫೋಟೊದಲ್ಲಿ ಅಡ್ಡಪಟ್ಟೆ ಬರುತ್ತದೆ: ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮಾತು ನಡೆಯುವಾಗ 1/100ರಲ್ಲಿ ತೆಗೆದರೆ ಪಟ್ಟೆಯ ಕಾಟವಿಲ್ಲ. ಕುಣಿತಕ್ಕೆ 1/250 ಬೇಕೇ ಬೇಕು, ಪಟ್ಟೆ ಬಂದವನ್ನು ಅಳಿಸುವುದೇ ದಾರಿ. ಚೌಕಿಗೆ (ಬಣ್ಣದ ಮನೆಗೆ) ಹೋಗುವ ಮುನ್ನ ಕೇಳಿ. ಫ್ಲ್ಯಾಶ್ ಎಲ್ಲೂ ಬೇಡ.

ಯಾವುದು ನಿಮ್ಮದು ಎಂಬುದನ್ನು ಲೈಕುಗಳು ಹೇಳುವುದಿಲ್ಲ; ಸೂರ್ಯಾಸ್ತಕ್ಕೆ ಎಲ್ಲರೂ ಲೈಕ್ ಒತ್ತುತ್ತಾರೆ. ಪ್ರತಿ ಭಾನುವಾರ ಆ ವಾರದ ಐದು ಚಿತ್ರ ಮಾತ್ರ ಒಂದು ಫೋಲ್ಡರಿಗೆ ಹಾಕಿ. 12 ವಾರಕ್ಕೆ 60. ಕೆಟ್ಟು ಬಂದರೂ ಮತ್ತೆ ಮತ್ತೆ ಯಾವುದರ ಹಿಂದೆ ಹೋಗಿದ್ದೀರಿ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ಪ್ರತಿ ಚಿತ್ರದ ಮಾಹಿತಿಯಲ್ಲಿ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಎಂಎಂನಲ್ಲಿತ್ತು ಎಂಬುದು) ಇರುತ್ತದೆ. ಮುಕ್ಕಾಲು ಪಾಲು 55 ಎಂದಿದ್ದು, ಅವು ಹಕ್ಕಿಯ ಚಿತ್ರಗಳೇ ಆಗಿದ್ದರೆ, ಆಗ ದೊಡ್ಡ ಲೆನ್ಸಿನ ಮಾತಾಡೋಣ.

ಪ್ರಶ್ನೆ: ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆ ಕಾಣುತ್ತಿದೆ. ಒರೆಸಿದರೂ ಹೋಗುತ್ತಿಲ್ಲ.
– ಇನ್ನೊಬ್ಬ ಓದುಗರು, ಪುತ್ತೂರು

ಉತ್ತರ: ಅದು ಒಳಗೆ ಬೆಳೆದ ಫಂಗಸ್. ಬಿಚ್ಚಿ ತೊಳೆಸಬೇಕು, ತಡವಾದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಮುಂದೆ ಕ್ಯಾಮೆರಾ ಬ್ಯಾಗಿನಲ್ಲಿಡಬೇಡಿ, ಬಟ್ಟೆ ತೇವ ಹಿಡಿದಿಡುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗೊಂದು ತೇವಾಂಶ ಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಯಾದಾಗ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಣ್ಣ ಮರಳುವ ತನಕ ಕಾಯಿಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಆ ಕಾವಲಿಯನ್ನು ಮತ್ತೆ ದೋಸೆಗೆ ಬಳಸಬೇಡಿ.